ಒಂದು ಸಹಿಯಲ್ಲಿ ಹೋದದ್ದು ಇನ್ನೊಂದು ಸಹಿಯಲ್ಲಿ ವಾಪಸ್ ಬರುತ್ತಾ? ಒಬಾಮಾ 2009ರ ಆದೇಶ ಮತ್ತು ವಿಚಾರಣೆ ಹೆಸರಿನ ಹಿಂಸೆ

ತುಂಗಾತೀರ:
ಎಲ್ರಿಗೂ ನಮಸ್ಕಾರ. ಮೊನ್ನೆ ಬೇರೆ ಚರ್ಚೆಯಲ್ಲಿ ಟ್ರಂಪ್ 2025ರ ಜನವರಿ 20ಕ್ಕೆ ಅಧಿಕಾರ ತಗೊಂಡ ದಿನವೇ ಬೈಡನ್ ಕಾಲದ 78 ಆದೇಶಗಳನ್ನ ಒಂದೇ ಸಹಿಯಲ್ಲಿ ಹೊಡೆದುಹಾಕಿದ ವಿಷ್ಯ ಬಂತು, ಆಗ ಒಬ್ರು ಕೇಳಿದ್ರು, ಹೊಸಬ ಬಂದು ಹಳಬನದ್ದೆಲ್ಲ ಅಳಿಸೋದು ಇದೇನು ಹೊಸದಾ ಅಂತ. ಹೊಸದಲ್ಲ. ಆದ್ರೆ ಹಾಗೆ ಅಳಿಸಿದ್ದರಲ್ಲಿ ಒಂದು ಮಾತ್ರ ನನಗೆ ಇವತ್ತಿಗೂ ಮರೆಯೋಕೆ ಆಗಿಲ್ಲ, ಬಿಡಿಸಿ ಬರೀಬೇಕು ಅಂತ ಬಹಳ ದಿನದಿಂದ ಇತ್ತು, ಇವತ್ತು ರಜೆ, ಕೂತಿದೀನಿ.

2009 ಜನವರಿ 22. ಒಬಾಮಾ ಪ್ರಮಾಣವಚನ ತಗೊಂಡು ಇನ್ನೂ ಎರಡು ದಿನ. ಓವಲ್ ಆಫೀಸಲ್ಲಿ ಕೂತು ಮೂರು ಆದೇಶಕ್ಕೆ ಸಹಿ ಹಾಕಿದ್ರು. ಬೆನ್ನ ಹಿಂದೆ ನಿಂತಿದ್ದು ಪಕ್ಷದ ಕಾರ್ಯಕರ್ತರಲ್ಲ, 16 ಜನ ನಿವೃತ್ತ ಜನರಲ್‌ಗಳು ಮತ್ತು ಅಡ್ಮಿರಲ್‌ಗಳು. ಇದನ್ನ ಗಮನಿಸಿ, ಯಾಕಂದ್ರೆ ಹಿಂಸೆ ಬೇಡ ಅಂತ ಗಟ್ಟಿಯಾಗಿ ಹೇಳಿದವರಲ್ಲಿ ಸೈನ್ಯದವರೇ ಮುಂದೆ ಇದ್ರು, ನಾಳೆ ನಮ್ಮ ಹುಡುಗರು ಶತ್ರು ಕೈಗೆ ಸಿಕ್ಕಿದ್ರೆ ಏನು ಗತಿ ಅನ್ನೋದು ಅವರಿಗೆ ಗೊತ್ತು.

ಮೂರರಲ್ಲಿ ಒಂದು, ಕ್ಯೂಬಾದಲ್ಲಿರೋ ಅಮೆರಿಕ ಸೇನಾ ನೆಲೆಯ ಗ್ವಾಂಟನಾಮೋ ಜೈಲನ್ನ ಒಂದು ವರ್ಷದೊಳಗೆ ಮುಚ್ಚಬೇಕು ಅಂತ. ಇನ್ನೊಂದು ಹಿಡಿದವರನ್ನ ಮುಂದೆ ಹೇಗೆ ಇಟ್ಕೋಬೇಕು ಅಂತ ಪರಿಶೀಲಿಸೋಕೆ ಸಮಿತಿ. ಇನ್ನುಳಿದದ್ದು 13491ನೇ ನಂಬರಿಂದು, ನಾನು ಹೇಳೋಕೆ ಬಂದಿದ್ದು ಇದನ್ನೇ. ಬುಷ್ 2007ರ ಜುಲೈನಲ್ಲಿ ಗುಪ್ತಚರ ಸಂಸ್ಥೆ ಸಿಐಎಯ ವಿಚಾರಣೆಗೆ ದಾರಿ ಮಾಡಿಕೊಟ್ಟಿದ್ದ ಆದೇಶವನ್ನ ಅದು ರದ್ದು ಮಾಡ್ತು. ಇನ್ಮೇಲೆ ಯಾರೇ ವಿಚಾರಣೆ ಮಾಡ್ಲಿ, ಸೈನ್ಯದ ಕೈಪಿಡಿಯಲ್ಲಿ ಬರೆದಿರೋ ವಿಧಾನ ಬಿಟ್ಟು ಬೇರೆ ಏನೂ ಮಾಡೋ ಹಾಗಿಲ್ಲ. ಸಿಐಎ ತನ್ನ ಗುಪ್ತ ಜೈಲುಗಳನ್ನ ಮುಚ್ಚಬೇಕು. ಹಿಡಿದಿಟ್ಟವರ ಮಾಹಿತಿ ರೆಡ್‌ಕ್ರಾಸ್‌ಗೆ ಕೊಡಬೇಕು, ಭೇಟಿಗೆ ಬಿಡಬೇಕು. ಇದೆಲ್ಲಾ ಪೇಪರಲ್ಲಿ ಬಂದಿತ್ತು. ಆದ್ರೆ ಆದೇಶದ ಒಳಗೆ ಒಂದು ಸಾಲಿದೆ, ಅದನ್ನ ನಾನು ಎಷ್ಟು ಸಲ ಓದಿದೀನೋ ಲೆಕ್ಕ ಇಲ್ಲ. 2001ರ ಸೆಪ್ಟೆಂಬರ್ 11ರಿಂದ 2009ರ ಜನವರಿ 20ರ ತನಕ ವಿಚಾರಣೆ ಕಾನೂನಿನ ಬಗ್ಗೆ ನ್ಯಾಯ ಇಲಾಖೆ ಕೊಟ್ಟ ಯಾವ ವ್ಯಾಖ್ಯಾನವನ್ನೂ ಯಾವ ಅಧಿಕಾರಿಯೂ ನಂಬಿಕೊಂಡು ಕೆಲಸ ಮಾಡಬಾರದು. ಏಳೂ ಚಿಲ್ರೆ ವರ್ಷದ ಕಾನೂನು ಸಲಹೆಯನ್ನ ಒಂದು ಸಾಲಲ್ಲಿ ಪಕ್ಕಕ್ಕಿಟ್ರು!

ಆ ಸಲಹೆಗಳು ಏನಿದ್ವು ಅಂದ್ರೆ, 2002 ಆಗಸ್ಟ್ 1ರ ಮೆಮೊ, ಬರೆದವರಲ್ಲಿ ಮುಖ್ಯ ನ್ಯಾಯ ಇಲಾಖೆ ವಕೀಲ ಜಾನ್ ಯೂ, ಸಹಿ ಅಲ್ಲಿನ ಹಿರಿಯ ಅಧಿಕಾರಿ ಜೇ ಬೈಬಿಯವರದ್ದು. ಹಿಂಸೆ ಅನ್ನಿಸ್ಕೋಬೇಕಾದ್ರೆ ಆ ನೋವು ಅಂಗಾಂಗ ವೈಫಲ್ಯಕ್ಕೋ ಸಾವಿಗೋ ಸಮ ಇರಬೇಕು ಅಂತ ಅದರಲ್ಲಿ ಬರೆದಿದ್ರು. ಅದಕ್ಕಿಂತ ಕಮ್ಮಿ ನೋವಾದ್ರೆ ಹಿಂಸೆ ಅಲ್ಲ ಅಂತ. ಅದೇ ದಿನದ ಇನ್ನೊಂದು ಮೆಮೊದಲ್ಲಿ ಅಬು ಜುಬೈದಾ ಅನ್ನೋ ಒಬ್ಬ ಬಂಧಿತನಿಗೆ ಏನೇನು ಮಾಡಬಹುದು ಅಂತ ಪಟ್ಟಿ, ಗೋಡೆಗೆ ಅಪ್ಪಳಿಸೋದು, ನಿದ್ದೆಗೆಡಿಸೋದು, ಹಲಗೆಗೆ ಕಟ್ಟಿ ಮುಖದ ಮೇಲೆ ಬಟ್ಟೆ ಹಾಕಿ ನೀರು ಸುರಿಯೋದು, ಪೆಟ್ಟಿಗೆಯಲ್ಲಿ ಕೂಡಿಹಾಕೋದು, ಆತನಿಗೆ ಹುಳ ಅಂದ್ರೆ ಭಯ ಅಂತ ಪೆಟ್ಟಿಗೆ ಒಳಗೆ ಒಂದು ಹುಳ ಬಿಡೋದು.

ಪೆಟ್ಟಿಗೆ ಅಳತೆ ಸಿಐಎ ವಿಚಾರಣೆಗಳ ಬಗ್ಗೆ ಸೆನೆಟ್ ಸಮಿತಿ ಕೊಟ್ಟ 2014ರ ವರದಿಯಲ್ಲಿದೆ. ಚಿಕ್ಕ ಪೆಟ್ಟಿಗೆ 21 ಇಂಚು ಅಗಲ, ಎರಡೂವರೆ ಅಡಿ ಆಳ, ಎರಡೂವರೆ ಅಡಿ ಎತ್ತರ. ನಾನು ಟೇಪ್ ತಗೊಂಡು ಹೋಗಿ ನಮ್ಮನೆ ವಾಷಿಂಗ್ ಮಷೀನ್ ಅಳೆದು ನೋಡಿದೆ. ಮಷೀನ್ ಅದಕ್ಕಿಂತ ಅಗಲ, ಅದಕ್ಕಿಂತ ಎತ್ತರ. ಅಂಥದ್ರೊಳಗೆ ಆ ಮನುಷ್ಯನನ್ನ ಒಟ್ಟು 29 ಗಂಟೆ ಇಟ್ಟಿದ್ರು. ಶವಪೆಟ್ಟಿಗೆ ಅಳತೆಯ ದೊಡ್ಡದ್ರಲ್ಲಿ 266 ಗಂಟೆ, ಅಂದ್ರೆ 11 ದಿನದ ಮೇಲೆ. ಒಂದೇ ತಿಂಗಳಲ್ಲಿ 83 ಸಲ ನೀರು. ಆತನ ಮೇಲೆ ಇವತ್ತಿನ ತನಕ ಒಂದು ಚಾರ್ಜ್‌ಶೀಟ್ ಹಾಕಿಲ್ಲ, ಇನ್ನೂ ಗ್ವಾಂಟನಾಮೋದಲ್ಲೇ ಇದಾನೆ.

ನನ್ನ ಪ್ರಶ್ನೆ ಇಷ್ಟೇ. ಸಹಿಯಿಂದ ಶುರುವಾದದ್ದನ್ನ ಸಹಿಯಿಂದ ನಿಲ್ಲಿಸಿದ್ರು. ಅಂದ್ಮೇಲೆ ಅದು ನಿಂತ ಹಾಗೆ ಲೆಕ್ಕವಾ?

ಕಡಲತಡಿ:
ತುಂಗಾತೀರ ಅವ್ರೆ, ಬರೆದದ್ದು ಚೆನ್ನಾಗಿ ಉಂಟು, ಓದಿ ಬೇಜಾರೂ ಆಯ್ತು. ಆದ್ರೆ ಒಂದು ಮಾತು ಹೇಳ್ಬೇಕು, ಬೈಬೇಡಿ ಆಯ್ತಾ. 2001ರ ಸೆಪ್ಟೆಂಬರ್ 11ರ ದಾಳಿಯಲ್ಲಿ 2977 ಜನ ಸತ್ತಿದ್ದಾರೆ ಮಾರಾಯ್ರೆ. ಆಫೀಸಿಗೆ ಅಂತ ಬೆಳಿಗ್ಗೆ ತಿಂಡಿ ತಿಂದು ಹೋದವ್ರು. ಮರುದಿನ ಇನ್ನೊಂದು ಆಗ್ತದಾ, ವಿಮಾನದಲ್ಲಾ, ರೈಲಲ್ಲಾ, ಯಾರಿಗೂ ಗೊತ್ತಿಲ್ಲ. ಆಗ ಆ ಕುರ್ಚಿಯಲ್ಲಿ ಕೂತವನ ತಲೆಯಲ್ಲಿ ಎಂತ ಓಡ್ತಿತ್ತು ಅಂತ ನಾವು ಇಲ್ಲಿ ಮನೆ ಜಗಲಿಯಲ್ಲಿ ಕೂತು ಹೇಳೋದು ಸುಲಭ. ಕೈಗೆ ಸಿಕ್ಕಿದವನಿಗೆ ಮುಂದಿನ ದಾಳಿ ಗೊತ್ತುಂಟು ಅಂತ ಅನ್ನಿಸಿದ್ರೆ, ಒಂದು ಊರಿನ ಜನರನ್ನ ಉಳಿಸ್ಲಿಕ್ಕೆ ಅವನನ್ನ ಎರಡು ದಿನ ಮಲಗ್ಲಿಕ್ಕೆ ಬಿಡದೆ ಇಟ್ಟದ್ದು ತಪ್ಪು ಅಂತ ಹೇಳ್ಲಿಕ್ಕೆ ನನಗೆ ಬಾಯಿ ಬರೋದಿಲ್ಲ. ನನ್ನ ತಂಗಿ ಮಕ್ಕಳು ಆ ಊರಲ್ಲಿ ಇದ್ದಿದ್ರೆ? ಅದನ್ನೂ ಯೋಚನೆ ಮಾಡ್ಬೇಕಲ್ವಾ.

ಮತ್ತೆ ಒಂದು, ಬಂದವನೆಲ್ಲ ಹಿಂದಿನವ ಮಾಡಿದ್ದನ್ನ ಎರಡು ದಿನದಲ್ಲಿ ಕಿತ್ತು ಹಾಕಿದ್ರೆ ಕೆಳಗೆ ಕೆಲ್ಸ ಮಾಡುವ ಆಫೀಸರ್ ಯಾರನ್ನ ನಂಬ್ಬೇಕು? ನಿನ್ನೆ ಕಾನೂನುಬದ್ಧ ಅಂತ ಬರೆದು ಕೊಟ್ಟದ್ದು ಇವತ್ತು ಅಪರಾಧ ಅಂದ್ರೆ ನಾಳೆ ಯಾರೂ ಕೆಲ್ಸ ಮಾಡೋದಿಲ್ಲ.

ಹುಬ್ಬಳ್ಳಿ ಮಂದಿ:
ಕಡಲತಡಿ ಅಣ್ಣಾರ, ನಿಮ್ಮ ಮಾತು ತಿಳೀತೈತ್ರಿ, ತಂಗಿ ಮಕ್ಕಳ ಮಾತು ಬಂದ್ರ ಎಲ್ಲಾರಿಗೂ ಹಂಗ ಅನಸ್ತೈತಿ. ನಾ ಅಮೆರಿಕಾ ನೋಡಿದಾಂವ ಅಲ್ಲ. ನಮ್ಮ ಮನ್ಯಾಗ ಆದದ್ದೊಂದು ಹೇಳ್ತೀನಿ, ಯಾವ ಊರ ಠಾಣೆ ಅಂತ ಬ್ಯಾಡ.

ನಾ ಆರನೇತ್ತಾ ಇದ್ದೆ. ನಮ್ಮ ಕಾಕಾರು ಒಂದು ದೊಡ್ಡ ಕಿರಾಣಿ ಅಂಗಡ್ಯಾಗ ಲೆಕ್ಕ ಬರೀತಿದ್ರು. ಮಾಲಕರ ಮನ್ಯಾಗಿನ ಬಂಗಾರ ಕಳುವಾತು. ಮನಿಗೆ ಹೋಗಿಬಂದು ಮಾಡಾಂವ ಇವ ಒಬ್ಬನ ಅಂತ ರಾತ್ರಿ ಹತ್ತಕ್ಕ ಬಂದು ಕಾಕಾರನ್ನ ಕರಕೊಂಡು ಹೋದ್ರು. ಮೂರು ದಿನ ಒಳಗ ಇಟ್ಕೊಂಡಿದ್ರು. ಏನು ಮಾಡಿದ್ರು ಅಂತ ಅವರು ಯಾವತ್ತೂ ಪೂರಾ ಹೇಳಲಿಲ್ಲ, ಏರೋಪ್ಲೇನ್ ಹತ್ತಿಸಿದ್ರು ಅಂತ ಒಂದು ಮಾತು ನಮ್ಮ ಅಜ್ಜಿ ಮುಂದ ಅಂದಿದ್ರಂತ. ಕೈ ಹಿಂದ ಕಟ್ಟಿ ಹಗ್ಗದಿಂದ ಮ್ಯಾಲೆ ಎಳೆಯೂದಕ್ಕ ಹಂಗ ಅಂತಾರ, ನನಗ ದೊಡ್ಡಾಂವ ಆದಮ್ಯಾಲೆ ಗೊತ್ತಾತು.

ಮೂರನೇ ದಿನ ಕಾಕಾರು ಹೂಂ ನಾನ ಕದ್ದೀನಿ ಅಂದ್ರು. ಎಲ್ಲಿ ಮಾರಿದಿ ಅಂತ ಕೇಳಿದ್ರು. ಕದ್ದಿದ್ರ ತಾನ ಮಾರೂದು? ಮತ್ತ ಹಗ್ಗ ಎಳದ್ರು. ಬಸ್‌ಸ್ಟ್ಯಾಂಡ್ ಹತ್ರ ಬೋರ್ಡ್ ನೋಡಿ ನೆನಪಿದ್ದ ಒಬ್ಬ ಅಕ್ಕಸಾಲಿಗರ ಹೆಸರು ಹೇಳಿಬಿಟ್ರು. ಆ ಮನುಷ್ಯಾನ ಮಾರಿ ಸುದ್ದಾ ಕಾಕಾರು ನೋಡಿದ್ದಿಲ್ಲ. ಅವನ್ನೂ ಎತ್ತಿ ತಂದ್ರು, ಅವಂಗೂ ಅದ ಪೂಜಿ. ಮುಂದ ಎರಡು ತಿಂಗಳಿಗೆ ಬಂಗಾರ ಸಿಕ್ತು, ಮಾಲಕರ ಸ್ವಂತ ಅಳಿಯ ಒತ್ತಿ ಇಟ್ಟಿದ್ದ.

ಅಣ್ಣಾರ, ಕಾಕಾರಿಗೆ ಸಾಯೂತನಕ ಕಾಡೂ ಮಾತು ಯಾವುದು ಅಂದ್ರ ತಾವು ತಿಂದ ಏಟಲ್ಲ, ಆ ಅಕ್ಕಸಾಲಿಗ. ನನ್ನ ಬಾಯಿಂದ ಅವನ ಹೆಸರು ಬಂತಲ್ಲೋ ಅಂತಾರ. ನೋವು ತಡೀಲಾರದ ಮನುಷ್ಯಾ ಖರೇ ಹೇಳಂಗಿಲ್ಲ, ಎದುರಿಗಿದ್ದಾಂವ ಏನು ಕೇಳಬೇಕು ಅಂತಾನೋ ಅದನ್ನ ಹೇಳ್ತಾನ.

ತುಂಗಾತೀರ:
ಹುಬ್ಬಳ್ಳಿಯವರೇ, ಇದನ್ನ ಇಲ್ಲಿ ಬರೆಯೋಕೆ ಎಷ್ಟು ಕಷ್ಟ ಆಗಿರುತ್ತೆ ಅಂತ ಗೊತ್ತು. ಕಾಕಾರಿಗೆ ನನ್ನ ನಮಸ್ಕಾರ ತಿಳಿಸಿ.

ನೀವು ಹೇಳಿದ ಅಕ್ಕಸಾಲಿಗನ ಕಥೆ ಒಂದು ದೇಶದ ಮಟ್ಟದಲ್ಲಿ ಆಗಿದೆ. ಇಬ್ನ್ ಅಲ್ ಶೇಖ್ ಅಲ್ ಲಿಬಿ ಅಂತ ಒಬ್ಬನನ್ನ ಪಾಕಿಸ್ತಾನದವರು ಹಿಡಿದು ಅಮೆರಿಕಕ್ಕೆ ಒಪ್ಪಿಸಿದ್ರು, ಅಮೆರಿಕದವರು ಈಜಿಪ್ಟ್ ಕೈಗೆ ಕೊಟ್ರು. ಅಲ್ಲಿ ಅವರ ಟ್ರೀಟ್‌ಮೆಂಟಲ್ಲಿ ಆತ ಸದ್ದಾಂನ ಇರಾಕ್ ಅಲ್ ಖೈದಾಕ್ಕೆ ರಾಸಾಯನಿಕ ಅಸ್ತ್ರದ ತರಬೇತಿ ಕೊಟ್ಟಿದೆ ಅಂದ. ಅವರು ಕೇಳಬೇಕು ಅಂತಿದ್ದದ್ದೂ ಅದನ್ನೇ. 2003 ಫೆಬ್ರವರಿ 5ಕ್ಕೆ ಕಾಲಿನ್ ಪವೆಲ್ ವಿಶ್ವಸಂಸ್ಥೆಯಲ್ಲಿ ಇಡೀ ಜಗತ್ತಿನ ಮುಂದೆ ಕೂತು ಆ ಮಾತನ್ನ ಯುದ್ಧಕ್ಕೆ ಕಾರಣ ಅಂತ ಹೇಳಿದ್ರು, ಮುಂದಿನ ತಿಂಗಳು ಯುದ್ಧ. 2004ರಲ್ಲಿ ಅಲ್ ಲಿಬಿ ನಾನು ಹೇಳಿದ್ದು ಸುಳ್ಳು, ಹಿಂಸೆ ತಡೀಲಾರದೆ ಹೇಳಿದೆ ಅಂದ. ಅಷ್ಟೊತ್ತಿಗೆ ಇರಾಕಲ್ಲಿ ಎಷ್ಟು ಮನೆ ಉರಿದುಹೋಗಿತ್ತು. ಹಾಗಾಗಿ ಕಡಲತಡಿ ಸರ್, ಒಂದು ಊರು ಉಳಿಸೋಕೆ ಅಂತ ನೀವು ಕೇಳಿದ್ರಿ, ಇಲ್ಲಿ ಒಂದು ಸುಳ್ಳಿಂದ ಎಷ್ಟು ಊರು ಹೋಯ್ತು ನೋಡಿ.

ಹಿಂಸೆ ಇಲ್ಲದೆ ಬಾಯಿ ಬಿಡಿಸೋಕೆ ಆಗಲ್ವಾ ಅಂದ್ರೆ ಆಗುತ್ತೆ, ಆಗಿದೆ. ಎಫ್‌ಬಿಐಯ ಅಲಿ ಸೂಫಾನ್ ಅಂತ ಅಧಿಕಾರಿ, ಲೆಬನಾನಲ್ಲಿ ಹುಟ್ಟಿದವರು, ಅರೇಬಿಕ್ ಮನೆಮಾತು. 9/11 ಆದ ಕೆಲವೇ ದಿನಕ್ಕೆ ಯೆಮನ್ ಜೈಲಲ್ಲಿ ಬಿನ್ ಲಾಡೆನ್‌ನ ಹಳೇ ಬಾಡಿಗಾರ್ಡ್ ಅಬು ಜಂದಾಲ್‌ನನ್ನ ಕೂರಿಸ್ಕೊಂಡು ಮಾತಾಡ್ತಿದ್ರು. ಆತ ಸಿಟ್ಟಲ್ಲಿ ಭಾಷಣ ಬಿಗೀತಿದ್ದ. ಚಹಾ ಜೊತೆ ಇಟ್ಟ ಬಿಸ್ಕೆಟ್ ಮಾತ್ರ ಮುಟ್ತಿರ್ಲಿಲ್ಲ. ಸೂಫಾನ್ ಅದನ್ನ ಗಮನಿಸಿ ಕೇಳಿದ್ರೆ ಆತನಿಗೆ ಸಕ್ಕರೆ ಕಾಯಿಲೆ. ಮಾರನೇ ದಿನ ಸಕ್ಕರೆ ಇಲ್ಲದ ಬಿಸ್ಕೆಟ್ ತರಿಸಿ ಕೊಟ್ರು. ಅಲ್ಲಿಂದ ಮನುಷ್ಯ ಮನುಷ್ಯನ ತರ ಮಾತಾಡೋಕೆ ಶುರು ಮಾಡಿದ, ವಿಮಾನ ಅಪಹರಿಸಿದವರ ಫೋಟೋ ಗುರುತಿಸಿದ.

ಅಬು ಜುಬೈದಾ ವಿಷ್ಯದಲ್ಲೂ ಅಷ್ಟೇ. 2002 ಮಾರ್ಚಲ್ಲಿ ಪಾಕಿಸ್ತಾನದಲ್ಲಿ ಗುಂಡೇಟು ತಿಂದು ಸಾಯೋ ಸ್ಥಿತಿಯಲ್ಲಿ ಸಿಕ್ಕ. ಸೂಫಾನ್ ಮತ್ತೆ ಅವರ ಜೊತೆಗಾರ ಪಕ್ಕದಲ್ಲೇ ಕೂತು ಆರೈಕೆ ಮಾಡಿದ್ರು, ನೀರು ಕುಡಿಯೋಕಾಗದವನ ತುಟಿಗೆ ಐಸ್ ತುಂಡು ಹಿಡಿದ್ರು. ಆಗಲೇ ಆತ 9/11 ಹಿಂದಿನ ತಲೆ ಖಾಲಿದ್ ಶೇಖ್ ಮೊಹಮ್ಮದ್ ಅಂತ ಗುರುತು ಕೊಟ್ಟಿದ್ದು. ಪೆಟ್ಟಿಗೆ, ನೀರು ಎಲ್ಲ ಬಂದಿದ್ದು ಆಮೇಲೆ, ಸಿಐಎ ಕರೆಸಿದ ಇಬ್ಬರು ಮನಶ್ಶಾಸ್ತ್ರಜ್ಞರ ಸಲಹೆ ಮೇಲೆ. ಅವರಿಬ್ಬರೂ ಅಲ್ಲೀತನಕ ಒಂದೇ ಒಂದು ನಿಜವಾದ ವಿಚಾರಣೆ ನಡೆಸಿದವರಲ್ಲ. ಅವರ ಕಂಪನಿಗೆ ಸಿಐಎ ಕೊಟ್ಟಿದ್ದು 8 ಕೋಟಿ 10 ಲಕ್ಷ ಡಾಲರ್.

ನ್ಯೂಜೆರ್ಸಿ ಕನ್ನಡತಿ:
ನಾನು 2006ರಿಂದ ಇಲ್ಲಿದೀನಿ. ಆ ಜನವರಿ 22 ನೆನಪಿದೆ, ಮಗಳು ಆಗ ಐದು ತಿಂಗಳ ಕೂಸು, ಹೊರಗೆ ಹೆಪ್ಪುಗಟ್ಟೋ ಚಳಿ, ಕಾಲ ಮೇಲೆ ಮಲಗಿಸ್ಕೊಂಡು ಟಿವಿ ನೋಡ್ತಾ ಇದ್ದೆ. ಸಹಿ ಹಾಕೋವಾಗ ಒಬಾಮಾ ಪಕ್ಕದಲ್ಲಿದ್ದ ವಕೀಲರನ್ನ ತಿರುಗಿ ಕೇಳಿ ಇದರಲ್ಲೇನಿದೆ ಅಂತ ಸ್ಪಷ್ಟ ಮಾಡ್ಕೊಂಡಿದ್ದೂ ನೆನಪಿದೆ. ನಮ್ಮ ಅಪಾರ್ಟ್‌ಮೆಂಟಲ್ಲಿ ಅವತ್ತು ಹಬ್ಬದ ತರ ಇತ್ತು, ಗ್ವಾಂಟನಾಮೋ ಇನ್ನೊಂದು ವರ್ಷಕ್ಕೆ ಇರಲ್ಲ ಅಂತ ಎಲ್ರೂ ನಂಬಿದ್ವಿ.

ಆ ಮಗಳು ಈಗ ಕಾಲೇಜಿಗೆ ಹೊರಟು ನಿಂತಿದಾಳೆ, ಗ್ವಾಂಟನಾಮೋ ಇನ್ನೂ ಇದೆ. 2009ರ ಮೇ ತಿಂಗಳಲ್ಲೇ ಸೆನೆಟ್ 90-6 ವೋಟಲ್ಲಿ ಮುಚ್ಚೋಕೆ ಕೇಳಿದ್ದ 8 ಕೋಟಿ ಡಾಲರ್ ಕೊಡಲ್ಲ ಅಂತು, ಒಬಾಮಾ ಪಕ್ಷದವರೂ ಕೈಬಿಟ್ರು, ಅವರನ್ನ ನಮ್ಮೂರ ಜೈಲಿಗೆ ತರೋದು ಬೇಡ ಅಂತ ಊರೂರಲ್ಲಿ ಗಲಾಟೆ. ಸುಮಾರು 240 ಜನ ಇದ್ದದ್ದು ಎಂಟು ವರ್ಷದಲ್ಲಿ 41ಕ್ಕೆ ಇಳೀತು, ಬೈಡನ್ ಇಳಿಯೋವಾಗ 15. ಟ್ರಂಪ್ 2018ರಲ್ಲಿ ಒಬಾಮಾರ ಮುಚ್ಚೋ ಆದೇಶವನ್ನ ರದ್ದು ಮಾಡಿ ತೆರೆದೇ ಇರಲಿ ಅಂದ್ರು, 2025 ಜನವರಿಯಲ್ಲಿ ಅದೇ ನೆಲೆಯಲ್ಲಿ 30 ಸಾವಿರ ವಲಸಿಗರನ್ನ ಇಡೋ ಜಾಗ ಸಿದ್ಧ ಮಾಡಿ ಅಂದ್ರು. ಅಂದ್ರೆ ಒಂದೇ ದಿನ ಹಾಕಿದ ಮೂರು ಸಹಿಯಲ್ಲಿ ಒಂದು ನಿಂತಿತು, ಒಂದು ಬಿದ್ದು ಹೋಯ್ತು. ಯಾಕೆ ಹಾಗೆ ಅಂತ ಯಾರಾದ್ರೂ ಕಾನೂನು ಓದಿದವರು ಹೇಳ್ತೀರಾ?

ಕೋರ್ಟ್ ಆವರಣ:
ಮೇಡಂ, ನಾನು ಮೈಸೂರಲ್ಲಿ ಪ್ರಾಕ್ಟೀಸ್ ಮಾಡ್ತೀನಿ, ಅಮೆರಿಕ ಕಾನೂನಲ್ಲಿ ಪರಿಣತ ಅಲ್ಲ, ಆದ್ರೆ ಈ ವಿಷ್ಯ ಹಿಂಬಾಲಿಸಿದೀನಿ.

ಅಧ್ಯಕ್ಷರ ಆದೇಶ ಅಂದ್ರೆ ಅವರ ಕೈಕೆಳಗಿನ ಇಲಾಖೆಗಳಿಗೆ ಕೊಡೋ ಅಪ್ಪಣೆ. ಅದಕ್ಕೆ ಸಂಸತ್ತಿನ ಒಪ್ಪಿಗೆ ಬೇಡ, ಹಾಗೇ ಅದನ್ನ ಕೀಳೋಕೂ ಬೇಡ. ಇದಕ್ಕೆ ಒಳ್ಳೇ ಉದಾಹರಣೆ ಅಂದ್ರೆ ವಿದೇಶದಲ್ಲಿ ಗರ್ಭಪಾತದ ಬಗ್ಗೆ ಮಾತಾಡೋ ಸಂಸ್ಥೆಗಳಿಗೆ ಅಮೆರಿಕದ ದುಡ್ಡಿಲ್ಲ ಅನ್ನೋ ನೀತಿ. ರೇಗನ್ 1984ರಲ್ಲಿ ತಂದ್ರು, ಕ್ಲಿಂಟನ್ 1993ರಲ್ಲಿ ತೆಗೆದ್ರು, ಬುಷ್ 2001ರಲ್ಲಿ ವಾಪಸ್, ಒಬಾಮಾ 2009ರಲ್ಲಿ ತೆಗೆದ್ರು, ಟ್ರಂಪ್ 2017ರಲ್ಲಿ ತಂದ್ರು, ಬೈಡನ್ 2021ರಲ್ಲಿ ತೆಗೆದ್ರು, 2025ರಲ್ಲಿ ಮತ್ತೆ ಬಂತು. ಏತದ ತರ ಒಂದ್ಸಲ ಮೇಲೆ ಒಂದ್ಸಲ ಕೆಳಗೆ. ಆಫ್ರಿಕಾದ ಯಾವುದೋ ಹಳ್ಳಿ ಕ್ಲಿನಿಕ್ ಬಾಗಿಲು ವಾಷಿಂಗ್ಟನ್ನಿನ ಚುನಾವಣೆ ನೋಡ್ಕೊಂಡು ತೆಗೀಬೇಕು ಮುಚ್ಚಬೇಕು. ವಿಚಾರಣೆ ನೀತಿಯೂ ಆ ಏತಕ್ಕೆ ಸಿಕ್ಕಿಹಾಕ್ಕೊಳೋದ್ರಲ್ಲಿತ್ತು.

ಸಿಕ್ಕಿಲ್ಲ ಯಾಕಂದ್ರೆ ಅದು ಕಾನೂನಾಯ್ತು. ನೆನಪಿಡಿ, 2008ರಲ್ಲೇ ಸಂಸತ್ತು ಸಿಐಎ ಕೂಡ ಸೈನ್ಯದ ಕೈಪಿಡಿಗೆ ಬದ್ಧ ಅಂತ ಮಸೂದೆ ಪಾಸ್ ಮಾಡಿತ್ತು, ಮಾರ್ಚ್ 8ಕ್ಕೆ ಬುಷ್ ವೀಟೋ ಹಾಕಿದ್ರು. ಒಬಾಮಾ ಆದೇಶದಲ್ಲಿ ಅದೇ ನಿಯಮ ಬಂತು. ಆದ್ರೆ ಆದೇಶ ಅಂದ್ರೆ ಬಾಡಿಗೆ ಮನೆ, ಓನರ್ ಬದಲಾದ್ರೆ ಖಾಲಿ ಮಾಡ್ಬೇಕು. 2015ರಲ್ಲಿ ಸೆನೆಟರ್‌ಗಳಾದ ಮೆಕೇನ್ ಮತ್ತು ಫೈನ್‌ಸ್ಟೈನ್ ಇಬ್ರೂ ಸೇರಿ ರಕ್ಷಣಾ ಮಸೂದೆಗೆ ತಿದ್ದುಪಡಿ ತಂದು ಆ ನಿಯಮವನ್ನ ಕಾನೂನಲ್ಲೇ ಬರೆಸಿದ್ರು. ಸೆನೆಟಲ್ಲಿ 78-21. ಒಬ್ರು ರಿಪಬ್ಲಿಕನ್, ಒಬ್ರು ಡೆಮಾಕ್ರಾಟ್.

ನಮ್ಮಲ್ಲೂ ಇದೇ ಪಾಠ ಆಗಿದೆ, ಬೇರೆ ರೂಪದಲ್ಲಿ. ತುರ್ತು ಪರಿಸ್ಥಿತಿಯಲ್ಲಿ ಬೆಂಗಳೂರಲ್ಲೇ ಜಾರ್ಜ್ ಫರ್ನಾಂಡಿಸ್ ತಮ್ಮ ಲಾರೆನ್ಸ್ ಫರ್ನಾಂಡಿಸ್ ಅವರಿಗೆ ಪೊಲೀಸರು ಹಿಂಸೆ ಕೊಟ್ಟಿದ್ದು, ನಟಿ ಸ್ನೇಹಲತಾ ರೆಡ್ಡಿಯವರು ಬೆಂಗಳೂರು ಜೈಲಲ್ಲಿ ಆಸ್ತಮಾದಲ್ಲಿ ನರಳಿ, ಬಿಡುಗಡೆಯಾಗಿ ಸ್ವಲ್ಪ ದಿನಕ್ಕೇ 1977 ಜನವರಿಯಲ್ಲಿ ತೀರಿಕೊಂಡಿದ್ದು ಹಿರಿಯರಿಗೆ ಗೊತ್ತಿದೆ. 1976ರಲ್ಲಿ ಸುಪ್ರೀಂ ಕೋರ್ಟ್, ತುರ್ತು ಪರಿಸ್ಥಿತಿಯಲ್ಲಿ ಬಂಧಿತ ತನ್ನ ಪ್ರಾಣದ ಹಕ್ಕಿಗೂ ಕೋರ್ಟಿಗೆ ಬರೋ ಹಾಗಿಲ್ಲ ಅನ್ನೋ ಮಟ್ಟಕ್ಕೆ ಹೋಗಿತ್ತು, ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ರೇ ಒಪ್ಪದೇ ಉಳಿದ್ರು. ಜನತಾ ಸರ್ಕಾರ ಬಂದು ಬರೀ ಆದೇಶ ರದ್ದು ಮಾಡಿ ಸುಮ್ಮನಿರ್ಲಿಲ್ಲ, ಆಗಿನ ಅತಿರೇಕಗಳ ತನಿಖೆಗೆ ಷಾ ಆಯೋಗ ಕೂರಿಸ್ತು, ಸಂವಿಧಾನಕ್ಕೇ 44ನೇ ತಿದ್ದುಪಡಿ ತಂದು 20 ಮತ್ತು 21ನೇ ವಿಧಿಯನ್ನ ತುರ್ತು ಪರಿಸ್ಥಿತಿಯಲ್ಲೂ ಮುಟ್ಟೋ ಹಾಗಿಲ್ಲ ಅಂತು. ಅದಕ್ಕೇ ಇವತ್ತೂ ನಿಂತಿದೆ.

ಇನ್ನೊಂದು ನಮ್ಮ ರಾಜ್ಯದ್ದೇ. ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ (ಎಫ್‌ಎಸ್‌ಎಲ್) ಆಗ ದೇಶದ ಮೂಲೆಮೂಲೆಯಿಂದ ಆರೋಪಿಗಳನ್ನ ಮಂಪರು ಪರೀಕ್ಷೆಗೆ ಕರ್ಕೊಂಡು ಬರ್ತಿದ್ರು, ಛಾಪಾಕಾಗದ ಹಗರಣದ ತೆಲಗಿ ಮಂಪರಲ್ಲಿ ಮಾತಾಡಿದ ವಿಡಿಯೋ ಟಿವಿಯಲ್ಲೆಲ್ಲ ಬಂದಿತ್ತು. ಸೆಲ್ವಿ ವಿರುದ್ಧ ಕರ್ನಾಟಕ ಸರ್ಕಾರ ಪ್ರಕರಣದಲ್ಲಿ 2010 ಮೇ 5ಕ್ಕೆ ಸುಪ್ರೀಂ ಕೋರ್ಟ್, ಒಪ್ಪಿಗೆ ಇಲ್ಲದೆ ಮಂಪರು ಪರೀಕ್ಷೆ, ಬ್ರೈನ್ ಮ್ಯಾಪಿಂಗ್, ಸುಳ್ಳು ಪತ್ತೆ ಯಂತ್ರ ಯಾವುದೂ ನಡೆಯಲ್ಲ ಅಂತು. ಹೊಡೆಯದೆ, ಬರೀ ಸೂಜಿ ಚುಚ್ಚಿ ಬಾಯಿ ಬಿಡಿಸೋದೂ ಬಲವಂತವೇ ಅಂತ. ಅಷ್ಟೆಲ್ಲ ಇದ್ದೂ ಭಾರತ 1997ರಲ್ಲಿ ವಿಶ್ವಸಂಸ್ಥೆಯ ಹಿಂಸೆ ವಿರೋಧಿ ಒಪ್ಪಂದಕ್ಕೆ ಸಹಿ ಹಾಕಿದ್ದು ಸಹಿಯಾಗೇ ಉಳಿದಿದೆ, ಅನುಮೋದನೆ ಆಗಿಲ್ಲ. 2010ರ ಮಸೂದೆ ಲೋಕಸಭೆ ದಾಟಿ ರಾಜ್ಯಸಭೆಯಲ್ಲಿ ಸಿಕ್ಕಿ ಸತ್ತುಹೋಯ್ತು. ಹುಬ್ಬಳ್ಳಿಯವರ ಕಾಕಾರಿಗೆ ಆದದ್ದಕ್ಕೆ ಪ್ರತ್ಯೇಕ ಕಾನೂನು ಇವತ್ತೂ ನಮ್ಮಲ್ಲಿ ಇಲ್ಲ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಕೋರ್ಟಲ್ಲಿ ನಡೆಯಲ್ಲ ಅಂತ 1872ರ ಸಾಕ್ಷ್ಯ ಕಾಯ್ದೆಯೇ ಹೇಳಿತ್ತು, 2024ರಲ್ಲಿ ಅದರ ಜಾಗಕ್ಕೆ ಬಂದ ಹೊಸ ಕಾಯ್ದೆಯಲ್ಲೂ ಅದೇ ಇದೆ, ಬ್ರಿಟಿಷರಿಗೂ ಠಾಣೆಯೊಳಗೆ ಏನು ನಡೆಯುತ್ತೆ ಅಂತ ಗೊತ್ತಿತ್ತು.

ಕಡಲತಡಿ:
ಹುಬ್ಬಳ್ಳಿಯವ್ರೆ, ನಿಮ್ಮ ಕಾಕಾನ ವಿಷಯ ಓದಿ ರಾತ್ರಿ ಸರಿ ನಿದ್ದೆ ಬರ್ಲಿಲ್ಲ. ಅದರ ಮುಂದೆ ಒಂದು ಊರು ಉಳಿಸುವ ನನ್ನ ಲೆಕ್ಕ ಎಂತ ಹೇಳ್ಲಿ, ಆ ಅಕ್ಕಸಾಲಿಗನ ಹೆಸರು ಬಂದಲ್ಲಿಗೆ ನನ್ನ ವಾದ ಮುಗೀತು ಅಂತ ಒಪ್ಪಿಕೊಳ್ತೇನೆ.

ಆದ್ರೆ ಒಬಾಮಾನನ್ನ ಹೊಗಳ್ಲಿಕ್ಕೆ ನನಗೆ ಇನ್ನೂ ಆಗೋದಿಲ್ಲ. ಹಿಡಿದವನಿಗೆ ಹೊಡೀಬಾರ್ದು ಅಂತ ಸಹಿ ಹಾಕಿದ ಅದೇ ಕೈ ಡ್ರೋನ್ ದಾಳಿಗೆ ಎಷ್ಟು ಸಲ ಹೂಂ ಅಂತು? ಬುಷ್ ಕಾಲಕ್ಕಿಂತ ಹೆಚ್ಚು ಆದದ್ದು ಇವ್ರ ಕಾಲದಲ್ಲಿ. ಹಿಡಿದು ಕೇಳುವ ಕಷ್ಟವೇ ಬೇಡ ಅಂತ ಮೇಲಿಂದಲೇ ಮುಗಿಸಿದ ಹಾಗೆ ಆಗ್ಲಿಲ್ವಾ ಅದು? ಮತ್ತೆ 2011 ಮಾರ್ಚಿನಲ್ಲಿ ಗ್ವಾಂಟನಾಮೋದ ಮಿಲಿಟರಿ ಕೋರ್ಟನ್ನೂ ಇವ್ರೇ ಪುನಃ ಶುರು ಮಾಡಿದ್ದು.

ಕಪ್ಪುಮಣ್ಣು:
ಡ್ರೋನ್ ಮಾತು ಸರಿ ಸರ್. ಆದ್ರೆ ನನಗೆ ಅದಕ್ಕಿಂತ ಹೊಟ್ಟೆ ಉರಿಯೋದು ಬೇರೆ. ಗುಲ್ ರಹಮಾನ್ ಅಂತ ಒಬ್ಬ, 2002 ನವೆಂಬರ್, ಅಫ್ಘಾನಿಸ್ತಾನದ ಸಿಐಎ ಜೈಲು. ಸೊಂಟದ ಕೆಳಗೆ ಬಟ್ಟೆ ಇಲ್ಲದೆ, ಮೇಲೊಂದು ಸ್ವೆಟ್‌ಶರ್ಟ್ ಅಷ್ಟೇ, ಬರೀ ಸಿಮೆಂಟ್ ನೆಲದ ಮೇಲೆ ಸರಪಳಿ ಹಾಕಿ ಕೂರಿಸಿದ್ರು. ಬೆಳಿಗ್ಗೆ ನೋಡಿದ್ರೆ ಸತ್ತುಹೋಗಿದ್ದ, ಚಳಿಗೆ. ನಾಲ್ಕು ತಿಂಗಳಾದ್ಮೇಲೆ ಆ ಜೈಲು ನೋಡ್ಕೊಳ್ತಿದ್ದ ಅಧಿಕಾರಿಗೆ 2500 ಡಾಲರ್ ಬಹುಮಾನಕ್ಕೆ ಶಿಫಾರಸು ಆಯ್ತು. ಸೆನೆಟ್ ವರದಿಯಲ್ಲೇ ಇದೆ. ಒಬ್ರಿಗಾದ್ರೂ ಶಿಕ್ಷೆ ಆಯ್ತಾ? 2012 ಆಗಸ್ಟಲ್ಲಿ ತನಿಖೆ ಮುಚ್ಚಿದ್ರು, ಯಾರ ಮೇಲೂ ಕೇಸ್ ಇಲ್ಲ ಅಂತ. ವಿಚಾರಣೆ ಚಿತ್ರೀಕರಿಸಿದ್ದ 92 ಟೇಪ್ 2005ರಲ್ಲಿ ಸಿಐಎನೇ ನಾಶ ಮಾಡ್ತು, ಅದಕ್ಕೂ ಕೇಸ್ ಇಲ್ಲ. ಮೆಮೊ ಬರೆದ ಯೂ ಬರ್ಕ್‌ಲಿಯಲ್ಲಿ ಪ್ರೊಫೆಸರ್, ಸಹಿ ಹಾಕಿದ ಬೈಬಿ ಮೇಲ್ಮನವಿ ಕೋರ್ಟಲ್ಲಿ ಜಡ್ಜ್. ಒಬಾಮಾ ಅಧಿಕಾರ ತಗೊಳೋಕೆ ಮುಂಚೇನೇ ಟಿವಿಯಲ್ಲಿ ಹಿಂದೆ ನೋಡೋದಕ್ಕಿಂತ ಮುಂದೆ ನೋಡಬೇಕು ಅಂದುಬಿಟ್ಟಿದ್ರು. ಮುಂದೆ ನೋಡಿ ಅಂತ ಗುಲ್ ರಹಮಾನ್ ಹೆಂಡತಿ ಮಕ್ಕಳಿಗೆ ಹೇಳೋಕಾಗುತ್ತಾ? ಅವರಿಗೆ ಹೆಣ ಕೂಡ ಕೊಟ್ಟಿಲ್ಲ.

ತುಂಗಾತೀರ:
ಕಪ್ಪುಮಣ್ಣು ಅವರೇ, ನಿಮ್ಮ ಸಿಟ್ಟು ನನ್ನದೂ ಹೌದು. ನಾನು ಒಬಾಮಾ ಅಭಿಮಾನಿ ಅಂತ ಯಾರಾದ್ರೂ ಅಂದ್ಕೊಂಡಿದ್ರೆ ಅಲ್ಲ, ಆ 13491ರ ಅಭಿಮಾನಿ. 2009 ಏಪ್ರಿಲ್ 16ಕ್ಕೆ ಆ ಮೆಮೊಗಳನ್ನ ಹೊರಗೆ ಬಿಟ್ಟಿದ್ದೂ ದೊಡ್ಡ ಕೆಲಸ, ಬಿಡದೇ ಇದ್ದಿದ್ರೆ ನಾನು ನೀವು ಇಲ್ಲಿ ಹುಳದ ಬಗ್ಗೆ, ನೀರಿನ ಬಗ್ಗೆ ಇಷ್ಟು ಖಚಿತವಾಗಿ ಬರೆಯೋಕೇ ಆಗ್ತಿರ್ಲಿಲ್ಲ. ಆದ್ರೆ ಬಿಟ್ಟ ದಿನವೇ, ಸಲಹೆ ನಂಬಿ ಕೆಲಸ ಮಾಡಿದವರ ಮೇಲೆ ಕೇಸ್ ಹಾಕಲ್ಲ ಅಂತಾನೂ ಹೇಳಿದ್ರು. ಕಡಲತಡಿಯವರು ಮೊದಲು ಕೇಳಿದ್ರಲ್ಲ, ಕೆಳಗಿನ ಆಫೀಸರ್ ಯಾರನ್ನ ನಂಬಬೇಕು ಅಂತ, ಆ ಪ್ರಶ್ನೆಗೆ ಅವರು ಕೊಟ್ಟ ಉತ್ತರ ಅದು. ಕೆಳಗಿನವರನ್ನ ಬಿಟ್ಟದ್ದು ಒಂದು ಲೆಕ್ಕಕ್ಕೆ ಒಪ್ಪೋಣ. ಸಲಹೆ ಬರೆದವರನ್ನ ಯಾಕೆ ಬಿಡಬೇಕಿತ್ತು?

ಶಿಕ್ಷೆ ಆಗದೇ ಇದ್ದದ್ದರ ಫಲ 2016ರಲ್ಲೇ ಕಂಡಿತು. ಟ್ರಂಪ್ ಪ್ರಚಾರ ಸಭೆಗಳಲ್ಲಿ ನೀರಿನ ಹಿಂಸೆ ವಾಪಸ್ ತರ್ತೀನಿ, ಅದಕ್ಕಿಂತ ಕೆಟ್ಟದ್ದೂ ತರ್ತೀನಿ ಅಂದ್ರು, ಜನ ಚಪ್ಪಾಳೆ ಹೊಡೆದ್ರು. 2017 ಜನವರಿಯಲ್ಲಿ ಒಬಾಮಾ ಆದೇಶ ರದ್ದು ಮಾಡಿ ಗುಪ್ತ ಜೈಲುಗಳನ್ನ ಮತ್ತೆ ಯೋಚಿಸೋ ಕರಡು ಆದೇಶ ಪತ್ರಿಕೆಗಳಿಗೆ ಸಿಕ್ತು. ಅದಕ್ಕೆ ಸಹಿ ಬೀಳಲಿಲ್ಲ. ರಕ್ಷಣಾ ಮಂತ್ರಿ ಮ್ಯಾಟಿಸ್, ಅವರೂ ನಿವೃತ್ತ ಜನರಲ್, ಹಿಂಸೆಯಿಂದ ಏನೂ ಬರಲ್ಲ ಅಂದಿದ್ರು. ಜೊತೆಗೆ ಕೋರ್ಟ್ ಆವರಣದವರು ಹೇಳಿದ 2015ರ ಕಾನೂನು ದಾರಿಗೆ ಅಡ್ಡ ಇತ್ತು, ಅದನ್ನ ಸಹಿಯಿಂದ ದಾಟೋಕಾಗಲ್ಲ. ಮೆಕೇನ್ ಅವತ್ತು ಗಟ್ಟಿಯಾಗಿ ಹೇಳಿದ್ರು, ಅಧ್ಯಕ್ಷರು ಯಾವ ಆದೇಶಕ್ಕೆ ಬೇಕಾದ್ರೂ ಸಹಿ ಹಾಕ್ಲಿ, ಕಾನೂನು ಕಾನೂನೇ ಅಂತ.

ಆ ಮನುಷ್ಯ ಹೇಳಿದ್ದಕ್ಕೆ ತೂಕ ಇತ್ತು. ವಿಯೆಟ್ನಾಂನಲ್ಲಿ ವಿಮಾನ ಬಿದ್ದು ಸೆರೆಸಿಕ್ಕಿ ಐದೂವರೆ ವರ್ಷ ಒಳಗಿದ್ದವರು. ಕೈಕಾಲು ಮುರಿದಿತ್ತು, ಅದರ ಮೇಲೆ ಹಗ್ಗ ಕಟ್ಟಿ ಹೊಡೆದಿದ್ರು. ಕೊನೇ ತನಕ ಅವರಿಗೆ ಎರಡೂ ಕೈ ತಲೆ ಮೇಲೆ ಎತ್ತೋಕೆ ಆಗ್ತಿರ್ಲಿಲ್ಲ, ತಮ್ಮ ತಲೆ ತಾವೇ ಬಾಚ್ಕೊಳೋಕಾಗದೆ ಬೇರೆಯವರು ಬಾಚಬೇಕಿತ್ತು. 2014 ಡಿಸೆಂಬರ್ 9ಕ್ಕೆ ವರದಿ ಬಂದಾಗ ತನ್ನದೇ ಪಕ್ಷದ ಬಹಳ ಜನ ಬೈತಿದ್ರೂ ಸೆನೆಟಲ್ಲಿ ಎದ್ದು ನಿಂತು ಬೆಂಬಲಿಸಿದ್ರು, ಹಿಂಸೆ ಕೊಟ್ರೆ ಎದುರಿಗಿದ್ದವನು ಏನು ಬೇಕಾದ್ರೂ ಹೇಳ್ತಾನೆ, ನನಗೆ ಅನುಭವದಿಂದ ಗೊತ್ತು ಅನ್ನೋ ಅರ್ಥದಲ್ಲಿ.

ನ್ಯೂಜೆರ್ಸಿ ಕನ್ನಡತಿ:
ಶಿಕ್ಷೆ ಮಾತು ಬಂತಲ್ಲ, ಇನ್ನೊಂದು ಕಡೆ ಶಿಕ್ಷೆ ಆಗದೇ ಇರೋದನ್ನೂ ಹೇಳ್ತೀನಿ. ನಮ್ಮ ಆಫೀಸಲ್ಲಿ ಒಬ್ಬ ಹಿರಿಯ ಸಹೋದ್ಯೋಗಿ ಇದ್ರು, ಅವರ ಅಣ್ಣ 9/11ರಂದು ವರ್ಲ್ಡ್ ಟ್ರೇಡ್ ಸೆಂಟರಿನ ಉತ್ತರದ ಗೋಪುರದಲ್ಲಿ ತೀರಿಕೊಂಡಿದ್ರು. ಪ್ರತಿ ವರ್ಷ ಸೆಪ್ಟೆಂಬರಲ್ಲಿ ಒಂದು ದಿನ ರಜೆ ಹಾಕಿ ಹೋಗಿ ಸ್ಮಾರಕದ ಕಂಚಿನ ಮೇಲೆ ಕೆತ್ತಿರೋ ಹೆಸರು ಸವರಿ ಬರೋರು. 183 ಸಲ ನೀರು ಸುರಿಸಿಕೊಂಡ ಖಾಲಿದ್ ಶೇಖ್ ಮೊಹಮ್ಮದ್ ಕೇಸ್ ಇನ್ನೂ ಕೋರ್ಟ್ ವಿಚಾರಣೆಯ ಹಂತಕ್ಕೇ ಬಂದಿಲ್ಲ. ಹಿಂಸೆ ಮಾಡಿ ಪಡೆದದ್ದನ್ನ ಸಾಕ್ಷಿ ಅಂತ ಇಡೋಕಾಗಲ್ಲ, ಆಮೇಲೆ ಕೊಟ್ಟ ಹೇಳಿಕೆಗೂ ಆ ಹಿಂಸೆಯ ಮೈಲಿಗೆ ಅಂಟಿದೆಯಾ ಇಲ್ವಾ ಅಂತ ವರ್ಷಗಟ್ಟಲೆ ವಾದ, ಜಡ್ಜ್ ಮೇಲೆ ಜಡ್ಜ್ ಬದಲಾದ್ರು. 2024 ಜುಲೈ ಕೊನೆಗೆ ತಪ್ಪೊಪ್ಪಿಕೊಂಡು ಜೀವಾವಧಿ ತಗೊಳೋ ಒಪ್ಪಂದ ಆಯ್ತು, ಎರಡೇ ದಿನಕ್ಕೆ ರಕ್ಷಣಾ ಮಂತ್ರಿ ವಾಪಸ್ ತಗೊಂಡ್ರು, 2025 ಜುಲೈನಲ್ಲಿ ಮೇಲಿನ ಕೋರ್ಟೂ ಮಂತ್ರಿ ಮಾಡಿದ್ದು ಸರಿ ಅಂತು. ನಮ್ಮ ಸಹೋದ್ಯೋಗಿ ರಿಟೈರ್ ಆಗಿ ಹೋಗೋ ದಿನ ಕೇಕ್ ಕಟ್ ಮಾಡಿದ್ವಿ, ಹೋಗೋವಾಗ ನನ್ನ ಹತ್ರ ಕೇಳಿದ್ದು, ನಾನು ಬದುಕಿರೋದ್ರೊಳಗೆ ತೀರ್ಪು ಕೇಳ್ತೀನಾ ಅಂತ. ಹಿಂಸೆ ಮಾಡಿದ್ದು ಅವರ ಹೆಸರಲ್ಲಿ, ಅವರಿಗೇ ನ್ಯಾಯ ಸಿಕ್ಕಿಲ್ಲ.

ಕಡಲತಡಿ:
ಅಕ್ಕಾ, ಇದು ನನಗೆ ಗೊತ್ತೇ ಇರ್ಲಿಲ್ಲ. ಕೇಸ್ ಯಾವತ್ತೋ ಮುಗ್ದಿರ್ಬೇಕು ಅಂತ ಎಣಿಸಿದ್ದೆ.

ಹುಬ್ಬಳ್ಳಿ ಮಂದಿ:
ಎಲ್ಲಾ ಓದಿದೆ. ಮೆಕೇನ್ ಅವ್ರ ಕೈದು ಓದಿ ಅಲ್ಲೇ ನಿಂತೆ, ಮುಂದ ಓದಾಕ ಆಗಲಿಲ್ಲ. ಮೊದಲು ಬರಿಯೂಮುಂದ ಬಿಟ್ಟಿದ್ದೆ, ಈಗ ಹೇಳ್ತೀನಿ. ನಮ್ಮ ಕಾಕಾರಿಗೂ ಬಲಗೈ ಭುಜದ ಮ್ಯಾಲೆ ಏಳಂಗಿಲ್ಲ. ಅಂಗಿ ಹಾಕ್ಕೊಳ್ಳುವಾಗ ಮೊದಲು ಬಲತೋಳು ತೂರಿಸಿ ಆಮ್ಯಾಲೆ ಎಡಾ. ತಲಿ ಬಾಚೂದು ಕಾಕೂನ. ದಿನಾ ಮುಂಜಾನೆ ಜಳಕ ಆದಮ್ಯಾಲೆ ಕಟ್ಟಿ ಮ್ಯಾಲೆ ಕುಂಡ್ರಿಸಿ, ಕೊಬ್ಬರಿ ಎಣ್ಣಿ ಹಚ್ಚಿ ಬಾಚತಾರ, ಮೂವತ್ತು ವರ್ಷ ಆತು. ಸಣ್ಣಾವಿದ್ದಾಗ ಕಾಕಾರ ಮ್ಯಾಲೆ ಕಾಕೂನ ಪ್ರೀತಿ ಅಂತ ನಾವು ತಿಳಕೊಂಡಿದ್ವಿ.

ನಾಳೆ ಊರಿಗೆ ಹೊಂಟೀನಿ. ಅಮೆರಿಕಾದಾಗ ಒಬ್ಬ ಸೆನೆಟರ್‌ಗೂ ಹಿಂಗ ಇತ್ತು, ಅವರ ಮುಂದ ನಿಂತು ಕಾನೂನು ಮಾಡಿಸಿದ್ರು ಅಂತ ಕಾಕಾರ ಮುಂದ ಹೇಳ್ತೀನಿ.